ಬಿಡದೆ ಬಾರಿಸುವ ಗಂಟೆ

ನಮ್ಮ ಶಾಲೆಗೆ ಗಂಟೆಯೆಂದರೆ
ಹೊಂಗೆ ಮರಕ್ಕೆ ಕಟ್ಟಿದ ರೈಲು ಕಂಬಿಯ ತುಂಡು.
ಒಂದೇಟಿಗೆ ಪಿರಿಯಡ್ಡು, ಎರಡಕ್ಕೆ ಊಟ,
ಎಂಟು ಹತ್ತು ಬಿದ್ದರೆ ಮನೆ.
ಉಳಿದದ್ದೊಂದೇ ಸದ್ದು, ಕೈ ಸೋಲುವ ತನಕ ಬಾರಿಸುವುದು.
ಅದಕ್ಕೂ ಒಂದು ಅರ್ಥ ಕೊಡಿ ಎಂದು
ಪಾಂಡವಪುರದ ಬಿಇಒ ಆಫೀಸಿನಿಂದ ಸುತ್ತೋಲೆ ಬಂತು.

ಕಲಿಸಿದೆ. ಗಂಟೆ ಬಿಡದೆ ಹೊಡೆದರೆ
ಚೀಲ ಬಿಡಿ, ಚಪ್ಪಲಿ ಬಿಡಿ, ಜಾಮಿಟ್ರಿ ಡಬ್ಬಿ ಬಿಡಿ.
ಓಡಬೇಡಿ, ತಳ್ಳಬೇಡಿ. ಹೊಗೆಯಿದ್ದರೆ ಬಗ್ಗಿ
ಬಾಯಿಗೆ ಬಟ್ಟೆ ಹಿಡಿದು ಗೋಡೆ ಸವರಿಕೊಂಡು ನಡೆಯಿರಿ.
ಹೊರಗೆ ಬಂದವರು ಯಾವುದಕ್ಕೂ ಒಳಗೆ ಹೋಗಕೂಡದು.
"ಹೊಸ ಚೀಲಾನೂ ಬಿಡ್ಬೇಕಾ ಮಿಸ್?" ಫಲ್ಗುಣಿ ಕೇಳಿದಳು.
ಮೊನ್ನೆ ಸಂತೆಯಲ್ಲಿ ಕೊಂಡದ್ದು, ಜಿಪ್ಪಿನ ಮೇಲೆ ಇನ್ನೂ ಪ್ಲಾಸ್ಟಿಕ್ಕು.
ಹೊಸದನ್ನೂ, ಎಂದೆ.
ಅವಳಿಗದು ಒಪ್ಪಿಗೆಯಾಗಲಿಲ್ಲ.

ಮಾರನೆಯ ದಿನ ಜವರಪ್ಪ ಮೇಷ್ಟ್ರು ಶಾಲೆಯ ಹಿಂದೆ
ಒಂದು ಹೊರೆ ಕಬ್ಬಿನ ತರಗಿಗೆ ಕಡ್ಡಿ ಗೀರಿದರು,
ಪಾಠ ನಿಜದ ಹಾಗಿರಲಿ ಅಂತ.
ಹೊಗೆ ಕಿಟಕಿ ಸರಳು ದಾಟಿತು.
ಕರಿಹಲಗೆಯ ಮೇಲಿನ ಭಿನ್ನರಾಶಿ ಮಸುಕಾಯಿತು.
ಒಬ್ಬರೂ ಏಳಲಿಲ್ಲ.
ನಿಂಗರಾಜು ಮೂಗರಳಿಸಿ ಆಳಕ್ಕೆ ಎಳೆದುಕೊಂಡ:
"ಮಿಸ್, ಪುಟ್ಮಾದಣ್ಣನ ಆಲೆಮನೇಲಿ ಕೊಪ್ಪರಿಗೆ ಇಟ್ಟವ್ರೆ!"

ಅವನನ್ನು ಹೇಗೆ ಗದರಲಿ.
ಈ ಸೀಮೆಯಲ್ಲಿ ಹೊಗೆ ಎಂದರೆ ಬೆಲ್ಲ.
ಹೊಗೆಯೆದ್ದ ಕಡೆ ಓಡಿದರೆ ಒಂದು ಲೋಟ ಕಬ್ಬಿನ ಹಾಲು,
ಬಾಳೆಲೆ ಚೂರಿನ ಮೇಲೆ ಬಿಸಿ ಪಾಕ,
ನಾಲಗೆ ಸುಟ್ಟುಕೊಂಡು ನಗುವ ನಗು.
ನಡೆಯಲು ಕಲಿತಾಗಿನಿಂದ ಅತ್ತಲೇ ಓಡಿದ ಕಾಲುಗಳಿಗೆ
ಇತ್ತ ತಿರುಗಿ ಎಂದು ಯಾವ ಬಾಯಲ್ಲಿ ಹೇಳಲಿ?

"ಆಲೆಮನೆ ಹೊಗೆಗೆ ಬಯಲಿದೆ," ಎಂದೆ ಕೊನೆಗೆ.
"ಸೂರಿನಡಿ ಸಿಕ್ಕಿಕೊಂಡ ಹೊಗೆಗೆ ಹೋಗಲು ಜಾಗವಿಲ್ಲ.
ಅದು ನಮ್ಮ ಎದೆ ಹುಡುಕುತ್ತೆ."
ಹೆಚ್ಚು ಹೇಳಿದೆನೇನೋ.
ಊಟದ ತನಕ ಯಾರೂ ಮಾತಾಡಲಿಲ್ಲ.

ಶುಕ್ರವಾರ ಕಂಬಿ ಬಿಡದೆ ಬಾರಿಸಿತು.
ಬಂದರು. ಒಂದನೇ ಕ್ಲಾಸಿನ ಕೈಗಳನ್ನು ಏಳನೆಯವರು ಹಿಡಿದು,
ಅಫ್ರೀನ್ ದುಪಟ್ಟಾ ಮೂಗಿಗೊತ್ತಿ,
ಫಲ್ಗುಣಿ ಬರಿಗೈಲಿ, ಮೂರು ಸಲ ಹಿಂದಿರುಗಿ ನೋಡುತ್ತ.
ಧ್ವಜದ ಕಟ್ಟೆಯ ಸುತ್ತ ಎಣಿಸಿದೆ. ಎಂಬತ್ತಾರು.
ಹಾಜರಿ ಪುಸ್ತಕದಲ್ಲೂ ಎಂಬತ್ತಾರು. ಮೇಷ್ಟ್ರು ಮೂವರು.
ಲೆಕ್ಕ ಕೂಡಿತು. ಪುಸ್ತಕ ಮುಚ್ಚುತ್ತಿದ್ದೆ.

"ಸಣ್ತಾಯಕ್ಕ?" ಅಂದಿತು
ಮೂಗೊರೆಸಿಕೊಳ್ಳುತ್ತಿದ್ದ ಒಂದು ಪುಟ್ಟ ದನಿ.

ಅಡುಗೆ ಕೋಣೆ. ಎರಡು ಸಿಲಿಂಡರು. ಸಾರು ಕುದಿಯುವ ಹೊತ್ತು.
ಹನ್ನೊಂದು ವರ್ಷದಿಂದ ಇವರ ತಟ್ಟೆ ಎಣಿಸುವವಳನ್ನು
ಎಣಿಸಲು ನಮ್ಮ ಬಳಿ ಒಂದು ಗೆರೆ ಇರಲಿಲ್ಲ.

ಕಾಲು ತಾನಾಗಿ ಮುಂದಾಯಿತು.
ನಿಂಗರಾಜು ನನ್ನ ಸೆರಗು ಹಿಡಿದು ಜಗ್ಗಿದ:
"ಒಳಕ್ಕೆ ವಾಪಸ್ ಹೋಗ್ಬಾರ್ದು ಅಂತ ನೀವೇ ಅಂದ್ರಲ್ಲ ಮಿಸ್."

ನಿಂತೆ. ಬಿಸಿಲಲ್ಲಿ, ಎಂಬತ್ತಾರು ಮಕ್ಕಳೆದುರು,
ನಾನು ಕಲಿಸಿದ ಪಾಠಕ್ಕೆ ಸಿಕ್ಕಿಬಿದ್ದು.

ಅಷ್ಟರಲ್ಲಿ ಅವಳೇ ಬಂದಳು, ಕೈಯಲ್ಲಿ ಸೌಟು.
"ಗ್ಯಾಸ್ ಆಫ್ ಮಾಡ್ದೆ, ರೆಗ್ಯುಲೇಟ್ರು ಬಿಚ್ಚಿದೆ, ಕಿಟ್ಕಿ ತೆಗ್ದೆ.
ಯಾರಾದ್ರೂ ಕೂಗ್ತೀರೇನೋ ಅಂತ ನೋಡ್ತಿದ್ದೆ ಕಣವ್ವ,"
ಬೇಳೆ ಇನ್ನೂ ಬೆಂದಿಲ್ಲ ಅನ್ನುವ ದನಿಯಲ್ಲೇ.

ಅವತ್ತು ಊಟ ಮುಕ್ಕಾಲು ಗಂಟೆ ತಡ.
ಪುಸ್ತಕದ ಕೊನೆಗೆ ಅಫ್ರೀನ್ ಸ್ಕೇಲಿಟ್ಟು ಗೆರೆ ಎಳೆದು
ಬರೆದಳು: ಎಂಬತ್ತೇಳು, ಸಣ್ಣತಾಯಮ್ಮ, ಅಡುಗೆ ಮನೆ.

ಸೋಮವಾರ ಮಧ್ಯಾಹ್ನ ಮತ್ತೆ ಹೊಗೆಯ ವಾಸನೆ.
ಮಕ್ಕಳು ಮೊದಲು ಸೂರು ನೋಡಿದರು,
ಆಮೇಲೆ ಬಾಗಿಲು, ಆಮೇಲೆ ಕಿಟಕಿಯಾಚೆ ಬಯಲು.
"ಬೆಲ್ಲ," ಅಂದ ನಿಂಗರಾಜು.
ಈ ಸಲ ಮೆಲ್ಲಗೆ.